ಗೋಕಾಕ ದಾಟೇವಿ

ಈ ಸಭೆಯ ಅಧ್ಯಕ್ಷ ಸ್ಥಾನವನ್ನೂ, ಅದರ ಜೊತೆಗೆ ಆ ಕುರ್ಚಿಯನ್ನೂ ಪೂರ್ತಿ ತುಂಬಿ ಕುಳಿತಿರುವ ನಮ್ಮ ಚಾಲಕರ ಸಂಘದ ಹಾಗೂ ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರಾದ ಪರಪ್ಪನವರೇ, ಮುಖ್ಯ ಅತಿಥಿಗಳಾಗಿ ಬಂದು ಇನ್ನೂ ಟೋಪಿ ತೆಗೆಯದೆ ನಮ್ಮನ್ನು ಹೆದರಿಸುತ್ತಿರುವ ಪೊಲೀಸ್ ಫೌಜದಾರ ಸಾಹೇಬರೇ, ನನ್ನ ಮಾನಪತ್ರವನ್ನು ನನಗೇ ಕಣ್ಣಲ್ಲಿ ನೀರು ಬರುವಂತೆ ಓದಿದ ಜಿನದತ್ತ ಗುರುಗಳೇ, ಮೂಡಲಗಿ, ನಾಗನೂರ, ಮೇಲವಂಕಿ ಕಡೆಯಿಂದ ಬಂದಿರುವ ಟ್ರ್ಯಾಕ್ಸ್, ಟೆಂಪೊ, ಟ್ರ್ಯಾಕ್ಟರ್ ಚಾಲಕ ಬಂಧುಗಳೇ, ಎಡಗಡೆ ಕುಳಿತ ತಾಯಂದಿರೇ, ಬಾಗಿಲಲ್ಲಿ ನಿಂತು ಒಳಗೆ ಬರುವುದೋ ಬೇಡವೋ ಎಂದು ವಿಚಾರ ಮಾಡುತ್ತಿರುವವರೇ, ಒಟ್ಟಾರೆ ನನ್ನ ಪ್ರೀತಿಯ ಸಭಿಕರೇ,

ನಾನು ನಾಗನೂರಿನ ರಾವಸಾಹೇಬ ಚೌಗಲಾ. ನನ್ನ ಪರಿಚಯದ ಅಗತ್ಯವಿಲ್ಲ. ಆದರೂ ಹೇಳುತ್ತೇನೆ, ಏಕೆಂದರೆ ಪರಿಚಯ ಮಾಡಿದವರು ಅರ್ಧವನ್ನು ಬಿಟ್ಟರು. ಏಳನೆಯ ಇಯತ್ತೆಯವರೆಗೆ ನಮ್ಮೂರ ಸಾಲಿಯಲ್ಲಿ ಕಲಿತವನು. ಎಂಟನೆಯದನ್ನು ಸಾಲಿಯೇ ಇಟ್ಟಿರಲಿಲ್ಲ, ಅದು ನನ್ನ ತಪ್ಪಲ್ಲ. ಮೂವತ್ತೆರಡು ವರ್ಷಗಳಿಂದ ಸ್ಟೀರಿಂಗ್ ಹಿಡಿದಿದ್ದೇನೆ. ಸಂತೆಯ ದಿನ ಹುಕ್ಕೇರಿಯ ಪೇಟೆಯಲ್ಲಿ ಟ್ರ್ಯಾಕ್ಸ್ ಜೀಪನ್ನು ರಿವರ್ಸಿನಲ್ಲಿ ತಂದು, ಒಂದು ಬದನೆಕಾಯಿಯನ್ನೂ ಜಜ್ಜದೆ ನಿಲ್ಲಿಸಿದವನು ಈ ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ. ಸುಳ್ಳೆನಿಸಿದರೆ ಬದನೆಕಾಯಿ ಮಾರುವವಳನ್ನು ಕೇಳಿರಿ. ಅವಳು ನನ್ನನ್ನು ಬೈದಳು, ಆ ಮಾತು ಬೇರೆ.

ಇಂದು ನನಗೆ ಕೊಟ್ಟ ವಿಷಯ, ವಾಹನ ನಡೆಸುವಾಗ ಮೊಬೈಲಿನಲ್ಲಿ ಮೆಸೇಜು ಬರೆಯುವುದರ ಅಪಾಯಗಳು. ರಸ್ತೆ ಸುರಕ್ಷತಾ ಸಪ್ತಾಹದಲ್ಲಿ ಇದಕ್ಕಿಂತ ಒಳ್ಳೆಯ ವಿಷಯ ಬೇರೆ ಯಾವುದಿದೆ? ಎರಡು ಸಾವಿರದ ಎಂಟನೆಯ ಇಸವಿ ಬಂದಿದೆ, ದನ ಕಾಯುವವನ ಕೈಯಲ್ಲಿಯೂ ಮೊಬೈಲ್ ಇದೆ. ಆದ್ದರಿಂದ ನನ್ನ ಅಕ್ಕನ ಕಿರಿಯ ಮಗಳು ರೂಪಾಲಿ, ಕಾಲೇಜು ಕಲಿಯುವವಳು, ನನಗೆ ಐದು ಹಾಳೆ ಬರೆದುಕೊಟ್ಟಿದ್ದಾಳೆ. ಐದು ಹಾಳೆಯಲ್ಲಿ ಐದು ಅಪಾಯಗಳು. ಇಲ್ಲಿ ತಲೆಯ ಮೇಲಿನ ಫ್ಯಾನು ಅವನ್ನು ಈಗಾಗಲೇ ಕಲೆಸಿದೆ. ನನ್ನ ಕೈಗೆ ಮೊದಲು ಸಿಕ್ಕಿದ್ದು, ‘ಕೊನೆಯದಾಗಿ’ ಎಂದು ಶುರುವಾಗುವ ಹಾಳೆ. ಇರಲಿ. ನಾವು ಮೊದಲಿನದರಿಂದಲೇ ಹೋಗೋಣ.

ಒಂದನೆಯ ಅಪಾಯ. ಮೆಸೇಜು ಬರೆಯುವವನ ಕಣ್ಣು ರಸ್ತೆಯ ಮೇಲೆ ಇರುವುದಿಲ್ಲ.

ಇದು ರೂಪಾಲಿ ಬರೆದ ವಾಕ್ಯ. ವಾಕ್ಯ ಚೆನ್ನಾಗಿದೆ. ಆದರೆ ಸಭಿಕರೇ, ಇದು ಪೂರ್ತಿ ಸರಿಯೆಂದು ನನಗೆ ಅನಿಸುವುದಿಲ್ಲ. ಏಕೆ ಅನಿಸುವುದಿಲ್ಲ ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಮೆಸೇಜು ಎಂದರೇನು ಎಂಬುದನ್ನು ನೋಡೋಣ.

ನನಗೆ ಮೆಸೇಜು ಕಲಿಸಿದವಳೂ ರೂಪಾಲಿಯೇ. ನಮ್ಮ ನಾಗನೂರಿನಲ್ಲಿ ನನ್ನ ವಯಸ್ಸಿನವರಲ್ಲಿ ಮೆಸೇಜು ಬರೆಯಲು ಕಲಿತ ಮೊದಲಿಗ ನಾನು. ಉಳಿದವರೆಲ್ಲ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಅದರೊಳಗೆ ಕೂಗುತ್ತಿದ್ದರು. ಆ ಹುಡುಗಿ ನನ್ನ ಹೆಬ್ಬೆರಳನ್ನು ಹಿಡಿದುಕೊಂಡು ಹೇಳಿದ್ದು ಇನ್ನೂ ನೆನಪಿದೆ. “ಮಾಮಾ, ಎಂಟರ ಗುಂಡಿ ಒಂದ ಸಲ ಒತ್ತಿದ್ರ ಟಿ, ಎರಡ ಸಲಕ್ಕ ಯು, ಮೂರ ಸಲಕ್ಕ ವಿ. ನಾಕನೇ ಸಲ ಒತ್ತಿದಿ ಅಂದ್ರ ಬರೇ ಎಂಟು ಬರ್ತೈತಿ ನೋಡು. ಅವಸರ ಮಾಡಬ್ಯಾಡ.” ನಮ್ಮ ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದು. ಒಂದು ‘ವಿ’ ಬರೆಯಲು ಮೂರು ಸಲ ಒತ್ತಬೇಕು, ಮತ್ತು ಮೂರೇ ಸಲ ಒತ್ತಬೇಕು. ನೀವು ಹೇಳಿರಿ, ನಮ್ಮ ಭಾಗದಲ್ಲಿ ‘ವಿ’ ಇಲ್ಲದೆ ಯಾವ ಮಾತು ಮುಗಿಯುತ್ತದೆ? ಬಂದೇವಿ, ಹೊಂಟೇವಿ, ಉಂಡೇವಿ, ದಾಟೇವಿ!

ಈ ‘ದಾಟೇವಿ’ ಎಂಬುದರ ಬಗ್ಗೆ ಎರಡು ಮಾತು ಹೇಳಲೇಬೇಕು. ಇದು ಹಾಳೆಯಲ್ಲಿ ಇಲ್ಲ, ನನ್ನ ಸ್ವಂತದ್ದು.

ಮೊಬೈಲ್ ಬರುವ ಮೊದಲು ನಮ್ಮ ಕಡೆಯ ಮನುಷ್ಯ ಎಲ್ಲಿ ಇರುತ್ತಿದ್ದನೋ ಅಲ್ಲಿಯೇ ಇರುತ್ತಿದ್ದ. ಮೊಬೈಲ್ ಬಂದ ಮೇಲೆ ಒಂದೂರು ಮುಂದೆ ಇರತೊಡಗಿದ. ತಲೆಗೆ ಸಾಬೂನು ಹಚ್ಚಿಕೊಂಡವನು ಬಸ್‌ಸ್ಟ್ಯಾಂಡಿನಾಗ ಅದೇನಿ ಎನ್ನುತ್ತಾನೆ. ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವವನು ಅಂಕಲಗಿ ದಾಟೇವಿ ಎನ್ನುತ್ತಾನೆ. ಅಂಕಲಗಿಯಲ್ಲಿ ಇರುವವನು ಬೆಳಗಾವಿಯಲ್ಲಿ ಊಟಕ್ಕೆ ಕುಳಿತಿರುತ್ತಾನೆ. ಇದನ್ನು ನಾವು ಯಾರೂ ಸುಳ್ಳು ಎಂದು ತಿಳಿದಿಲ್ಲ. ಕೇಳುವವನಿಗೂ ಗೊತ್ತು, ಅವನು ಒಂದೂರು ಕಳೆದೇ ಹಿಡಿಯುತ್ತಾನೆ. ನಗುತ್ತಿದ್ದೀರಿ. ನಗುವವರಲ್ಲಿ ಎಷ್ಟು ಜನ ಇಂದು ಈ ಸಭೆಗೆ ಬರುವಾಗ ಮನೆಯಲ್ಲೇ ಕುಳಿತು ‘ಮೂಡಲಗಿ ಮುಟ್ಟೇವಿ’ ಎಂದು ಹೇಳಿಲ್ಲ? ಅಧ್ಯಕ್ಷರೇ, ನೀವು ನನಗೆ ಏನು ಹೇಳಿದಿರಿ? ‘ಸಭಾದಾಗ ಕುಂತೇವಿ ಬಾ’ ಅಂದಿರಿ. ನಾನು ಬಂದಾಗ ಇಲ್ಲಿ ಜಮಖಾನೆ ಹಾಸುವವರು ಮಾತ್ರ ಇದ್ದರು.

ಈಗ ಎರಡನೆಯ ಅಪಾಯಕ್ಕೆ ಬರುತ್ತೇನೆ. ಎರಡನೆಯ ಹಾಳೆ ಕಾಣುತ್ತಿಲ್ಲ. ಹಾಗಾದರೆ ಮಾನಪತ್ರದ ವಿಷಯ ಮಾತಾಡೋಣ.

ಜಿನದತ್ತ ಗುರುಗಳು ಈಗ ಓದಿದ್ದನ್ನು ತಾವೆಲ್ಲ ಕೇಳಿದಿರಿ. ‘ಎರಡು ವರ್ಷಗಳ ಹಿಂದೆ ಸ್ವಂತ ಸೋದರ ಸೊಸೆಯ ಮದುವೆಗೆ ಹೊರಟು, ಗೋಕಾಕ ದಾಟಿದ್ದರೂ, ಯಾವುದೋ ಅಂತಃಪ್ರೇರಣೆಯಿಂದ ವಾಹನವನ್ನು ಹಿಂದಕ್ಕೆ ತಿರುಗಿಸಿ, ಮೇಲವಂಕಿಯ ಕಾಲುವೆಯಲ್ಲಿ ಬಿದ್ದಿದ್ದ ಶ್ರೀ ಮಹಮ್ಮದಗೌಸರನ್ನು ಎತ್ತಿ ಆಸ್ಪತ್ರೆಗೆ ಸೇರಿಸಿ ಪ್ರಾಣ ಉಳಿಸಿದ ಮಹಾನುಭಾವರು.’ ಎಂಥ ಭಾಷೆ! ಗುರುಗಳು ಬರೆದರೆ ಹಾಗೆಯೇ. ಅಂತಃಪ್ರೇರಣೆ ಎಂಬ ಶಬ್ದವನ್ನು ನಾನು ಇಂದು ಮೊದಲ ಸಲ ಕೇಳಿದೆ. ಕೇಳಿದಾಗ ಮೈ ಜುಮ್ ಎಂದಿತು. ಆಮೇಲೆ ಅದು ನನ್ನ ಬಗ್ಗೆ ಬರೆದದ್ದು ಎಂದು ನೆನಪಾಯಿತು.

ಆ ದಿನ ಏನಾಯಿತು ಎಂದು ಎಲ್ಲರಿಗೂ ಗೊತ್ತು. ಎರಡು ವರ್ಷಗಳಿಂದ ನಾನೇ ಹೇಳುತ್ತಾ ಬಂದಿದ್ದೇನೆ. ಆದರೆ ಹೇಳುತ್ತಾ ಹೇಳುತ್ತಾ ಎಲ್ಲಿಯೋ ಈ ಹಾಳೆಗಳ ಹಾಗೆ ಹಿಂದುಮುಂದಾಗಿದೆ. ಆದ್ದರಿಂದ ಇವತ್ತು ಸರಿಯಾಗಿ ಜೋಡಿಸಿ ಹೇಳುತ್ತೇನೆ. ಫೌಜದಾರ ಸಾಹೇಬರು ದಯವಿಟ್ಟು ಕೇಳಬೇಕು.

ವೈಶಾಖ ಮಾಸ, ರವಿವಾರ. ನನ್ನ ಅಕ್ಕ ಸುಂದರಾಬಾಯಿಯ ಹಿರಿಯ ಮಗಳು ಭಕ್ತಿಯ ಮದುವೆ ಹುಕ್ಕೇರಿಯಲ್ಲಿ. ಹನ್ನೆರಡು ಗಂಟೆ ಹತ್ತು ಮಿನಿಟಿಗೆ ಅಕ್ಷತೆ. ನಮ್ಮಲ್ಲಿ ಸೋದರಮಾವ ವಧುವಿನ ಹಿಂದೆ ಬಂದು ನಿಲ್ಲದೆ ಮದುವೆ ಮಾಡಿಸುವ ಉಪಾಧ್ಯೆಯವರು ಅಂತರಪಟ ಸರಿಸುವುದಿಲ್ಲ. ಅಂದರೆ ವರ ತಡವಾದರೂ ನಡೆಯುತ್ತದೆ, ನಾನು ತಡವಾಗುವಂತಿಲ್ಲ. ಅಂಥ ದಿನ ನಾನು ಬೆಳಿಗ್ಗೆ ಮೀಸೆಗೆ ಬಣ್ಣ ಹಚ್ಚಿಕೊಳ್ಳುವುದರಲ್ಲಿ ಹೊತ್ತು ಕಳೆದೆ. ಆಮೇಲೆ ಪಾರವ್ವ ಅತ್ತೆಯನ್ನು ಕರೆದುಕೊಂಡು ಹೋಗಲು ಮೇಲವಂಕಿಗೆ ಬಂದೆ. ಪಾರವ್ವ ಅತ್ತೆ ನಮ್ಮ ತಂದೆಯ ತಂಗಿ. ಅಗೋ, ತಾಯಂದಿರ ಸಾಲಿನಲ್ಲಿ ಎರಡನೆಯವರು, ನನ್ನನ್ನೇ ನೋಡುತ್ತಿದ್ದಾರೆ. ಮುಂದಿನ ಸೀಟಿನಲ್ಲಿ ಮದುವೆಯ ಹಿತ್ತಾಳೆ ಪಾತ್ರೆಗಳು ಕುಳಿತಿದ್ದವು, ಆದ್ದರಿಂದ ಅತ್ತೆ ಹಿಂದಿನ ಅಡ್ಡ ಸೀಟಿನಲ್ಲಿ ಬಾಗಿಲ ಕಡೆ ಮುಖ ಮಾಡಿ ಕುಳಿತರು. ಗಾಡಿಯಲ್ಲಿ ನಾವಿಬ್ಬರೇ.

ಹತ್ತೂವರೆಗೆ ಮೇಲವಂಕಿ ಬಿಟ್ಟೆವು. ಬಿಟ್ಟ ಕೂಡಲೇ ಕಿಸೆಯಲ್ಲಿ ಮೊಬೈಲ್ ಒದ್ದಾಡಿತು. ಮಂಟಪದಲ್ಲಿ ಬ್ಯಾಂಡು ಬಡಿಯುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ, ಹೀಗಾಗಿ ರೂಪಾಲಿ ಮೆಸೇಜಿನ ಮೇಲೆ ಮೆಸೇಜು ಕಳಿಸುತ್ತಿದ್ದಳು. ಮಾಮಾ ಎಲ್ಲಿ? ಮಾಮಾ ಎಲ್ಲಿ? ಅವ್ವ ಅಳಾಕತ್ತಾಳ, ಮಾಮಾ ಎಲ್ಲಿ?

ಸಭಿಕರೇ, ತಾವೇ ಹೇಳಿರಿ. ಅಕ್ಕ ಅಳುತ್ತಿದ್ದಾಳೆ. ತಮ್ಮನಾದವನು ಏನು ಮಾಡಬೇಕು? ಗಾಡಿ ಬೇವಿನ ಗಿಡದ ನೆರಳಿಗೆ ನಿಲ್ಲಿಸಿ, ‘ಅಕ್ಕಾ, ಈಗಷ್ಟೇ ಮೇಲವಂಕಿ ಬಿಟ್ಟೆ, ತಪ್ಪು ನನ್ನದು, ಮೀಸೆಯ ಕಾರಣ’ ಎಂದು ಬರೆಯಬೇಕಿತ್ತೇ? ಬರೆಯಬಹುದಿತ್ತು. ಎರಡು ಮಿನಿಟಿನ ಕೆಲಸ. ಆದರೆ ಮೂವತ್ತು ವರ್ಷ ಆ ರಸ್ತೆಯಲ್ಲಿ ಓಡಾಡಿದವನು ಒಂದು ಮೆಸೇಜಿಗೆ ಗಾಡಿ ನಿಲ್ಲಿಸುತ್ತಾನೆಯೇ? ಹಿಂದಿನಿಂದ ಅತ್ತೆ ಹೇಳಿದರು, “ಏ ರಾವ್ಯಾ, ಆ ಡಬ್ಬಿ ಒತ್ತೂದು ಬಿಡು, ದಾರಿ ನೋಡು.” ನಾನು ಅಂದೆ, “ಅತ್ತಿ, ದಾರಿ ನನ್ನ ಕೈಗೆ ಗೊತ್ತೈತಿ. ಕಣ್ಣ ಯಾಕ ಬೇಕು?”

ಈ ಮಾತನ್ನು ಆಮೇಲೆ ಹಲವು ಸಲ ನೆನೆದಿದ್ದೇನೆ. ಆಗ ಮಾತ್ರ ನನ್ನ ಮಾತಿಗೆ ನಾನೇ ನಕ್ಕಿದ್ದೆ.

ನಾನು ಬರೆದದ್ದು, ಗೋಕಾಕ ದಾಟೇವಿ. ಇದ್ದದ್ದು ಮೇಲವಂಕಿಯ ಕಾಲುವೆಯ ಪಕ್ಕ. ‘ಗೋಕಾಕ’ ಬಂತು, ‘ದಾಟೆ’ ಬಂತು, ‘ವಿ’ ಬರಲಿಲ್ಲ. ನಾಲ್ಕು ಸಲ ಒತ್ತಿದೆನೋ ಏನೋ, ಎಂಟು ಬಂದು ಕುಳಿತಿತು. ಅಳಿಸಿದೆ. ಮತ್ತೆ ಒತ್ತಿದೆ. ಎರಡೇ ಸಲವಾಯಿತು, ‘ಯು’ ಬಂತು. ಅಳಿಸಿದೆ. ನನಗೆ ಸಿಟ್ಟು ಬಂತು. ಒಂದು ಅಕ್ಷರ ನನ್ನನ್ನು ಆಟ ಆಡಿಸುವುದೇ? ಒಂದು, ಎರಡು, ಮೂರು, ಬಂತು! ಆಮೇಲೆ ‘ಐ’, ಆಮೇಲೆ ಕಳಿಸುವ ಗುಂಡಿ. ಕಳಿಸಿ ತಲೆ ಎತ್ತಿದೆ.

ಈಗ ನಾನು ರೂಪಾಲಿಯ ವಾಕ್ಯಕ್ಕೆ ಬರುತ್ತೇನೆ. ಕಣ್ಣು ರಸ್ತೆಯ ಮೇಲೆ ಇರುವುದಿಲ್ಲ ಎನ್ನುತ್ತಾಳೆ. ಆದರೆ ನಾನು ಆಣೆ ಮಾಡಿ ಹೇಳುತ್ತೇನೆ, ನನಗೆ ರಸ್ತೆ ಕಾಣುತ್ತಿತ್ತು. ಬೇವಿನ ಗಿಡ ಕಂಡಿತು. ಕಾಲುವೆಯ ಗೇಟು ಕಂಡಿತು. ಸುಣ್ಣ ಬಳಿದ ಮೈಲಿಗಲ್ಲು ಕಂಡಿತು. ಇವತ್ತಿಗೂ ಕಣ್ಣು ಮುಚ್ಚಿದರೆ ಅವೆಲ್ಲ ಕಾಣುತ್ತವೆ. ರಸ್ತೆ ಮಾತ್ರ ಖಾಲಿ. ಅಲ್ಲಿ ಗೌಸ ಇಲ್ಲ. ಎದುರಿನಿಂದ ಒಬ್ಬ ಮನುಷ್ಯ ಕೆಂಪು ಎಂ-ಎಯ್ಟಿ ಮೊಪೆಡ್ಡಿನ ಮೇಲೆ ಬಳೆಯ ಪೆಟ್ಟಿಗೆ ಕಟ್ಟಿಕೊಂಡು ಬರುತ್ತಿದ್ದಾನೆ, ಮತ್ತು ನನಗೆ ಕಂಡ ರಸ್ತೆಯಲ್ಲಿ ಅವನಿಲ್ಲ. ಹಾಗಾದರೆ ನಾನು ನೋಡಿದ್ದು ಯಾವ ರಸ್ತೆ? ಎರಡು ವರ್ಷ ಇದೊಂದೇ ವಿಚಾರ. ಒಂದು ದಿನ ಹೊಳೆಯಿತು. ನಾನು ನೋಡಿದ್ದು ಹಿಂದಿನ ದಿನದ ರಸ್ತೆಯನ್ನು. ದಿನಾಲೂ ನೋಡಿ ನೋಡಿ ಬಾಯಿಪಾಠವಾಗಿತ್ತಲ್ಲ, ಕಣ್ಣು ಮೊಬೈಲಿನಲ್ಲಿದ್ದಾಗ ತಲೆಯು ಅದನ್ನೇ ತೆಗೆದು ತೋರಿಸಿತು. ಹೊಸ ಡ್ರೈವರನಿಗೆ ಹೀಗಾಗುವುದಿಲ್ಲ, ಅವನು ಹೆದರಿ ತಲೆ ಎತ್ತುತ್ತಾನೆ. ನನ್ನಂಥ ಹುಲಿಗೆ ಆಗುತ್ತದೆ. ಚಾಲಕ ಬಂಧುಗಳೇ, ಇದು ಯಾವ ಹಾಳೆಯಲ್ಲಿಯೂ ಇಲ್ಲ. ಬೇಕಾದರೆ ಬರೆದುಕೊಳ್ಳಿರಿ.

ತಲೆ ಎತ್ತಿದಾಗ ನನ್ನ ಗಾಡಿ ರಸ್ತೆಯ ಬಲಗಡೆ ಇತ್ತು.

ನಾನು ಎಡಕ್ಕೆ ಎಳೆದೆ. ಗಾಡಿ ಎಡಕ್ಕೆ ಬಂತು. ಮುಂದೆ ಏನೂ ಇರಲಿಲ್ಲ. ಏನೋ ಕೆಂಪಗೆ ಬಾಜೂಕ್ಕೆ ಹೋದ ಹಾಗಾಯಿತು. ಅಷ್ಟರಲ್ಲಿ ಹಿಂದಿನಿಂದ ಅತ್ತೆ ಚೀರಿದರು, “ತಮ್ಮಾ, ನಿಲ್ಸೋ! ಯಾರೋ ಕಾಲವ್ಯಾಗ ಬಿದ್ರು!”

ನನ್ನ ಗಾಡಿ ಅವನಿಗೆ ತಾಗಿಲ್ಲ. ಇದನ್ನು ಸ್ಪಷ್ಟವಾಗಿ ಹೇಳುತ್ತೇನೆ. ನನ್ನ ಗಾಡಿಯ ಮೇಲೆ ಒಂದು ಗೀರು ಬಿದ್ದಿಲ್ಲ. ಹೊರಗೆ ನಿಂತಿದೆ, ಹೋಗಿ ನೋಡಿರಿ. ಮೂವತ್ತೆರಡು ವರ್ಷ ಅಪಘಾತವಿಲ್ಲ ಎಂದು ಮಾನಪತ್ರದಲ್ಲಿ ಬರೆದಿದ್ದಾರೆ. ತಾಗದಿದ್ದರೆ ಅದು ಅಪಘಾತ ಹೌದೋ ಅಲ್ಲವೋ? ಸಾಹೇಬರು ಕಾನೂನು ಓದಿದವರು, ಅವರು ಹೇಳಬೇಕು. ಖರೆ ಹೇಳಬೇಕೆಂದರೆ ನನಗೆ ತಿಳಿಯುತ್ತಿಲ್ಲ. ನಾನು ಏಳನೆಯ ಇಯತ್ತೆ.

ಕಾಲುವೆಯಲ್ಲಿ ನೀರು ಬಿಟ್ಟಿರಲಿಲ್ಲ. ಬರೀ ಕಲ್ಲು. ಕಲ್ಲಿನ ಮೇಲೆ ಗೌಸ, ಅವನ ಸುತ್ತಲೂ ಹಸಿರು ಬಳೆಯ ಚೂರು. ಅವನ ಹೆಂಡತಿ ನಸೀಮಾಬಿ ಊರೂರು ತಿರುಗಿ ಬಳೆ ಇಡಿಸುವವಳು. ರವಿವಾರ ಸಾಲಿಯ ಮಕ್ಕಳ ಗಾಡಿಗೆ ರಜೆ, ಅದಕ್ಕೆ ಅವನು ಅವಳ ಪೆಟ್ಟಿಗೆಯನ್ನು ಮುಟ್ಟಿಸಲು ಹೊರಟಿದ್ದ. ನಾನು ಇಳಿದೆ, ಅವನನ್ನು ಎತ್ತಿದೆ. ಎಪ್ಪತ್ತು ಕಿಲೋದ ಮನುಷ್ಯನನ್ನು ಒಬ್ಬನೇ ಹೆಗಲ ಮೇಲೆ ಹಾಕಿಕೊಂಡು ಕಾಲುವೆಯ ಇಳಿಜಾರನ್ನು ಹತ್ತಿದೆ. ಇದರಲ್ಲಿ ಸುಳ್ಳಿಲ್ಲ, ಅತ್ತೆ ಸಾಕ್ಷಿ. ಐವತ್ತಾರರ ವಯಸ್ಸಿನಲ್ಲಿ ಯಾರು ಎತ್ತುತ್ತಾರೆ ಹೇಳಿರಿ ನೋಡೋಣ. ಗೋಕಾಕದ ಆಸ್ಪತ್ರೆಗೆ ಒಯ್ದೆ. ತಲೆಗೆ ಪೆಟ್ಟು, ಸೊಂಟದ ಹತ್ತಿರ ಎಲುಬು ಮುರಿದಿತ್ತು. ಎಚ್ಚರವಾದಾಗ ಅವನಿಗೆ ಆ ಬೆಳಗಿನದು ಏನೂ ನೆನಪಿಲ್ಲ. ಡಾಕ್ಟರು ಕೇಳಿದರು, “ಗಾಡಿ ಮೇಲೆ ನಿದ್ದೆ ಬಂದಿತ್ತೇನಪ್ಪಾ?” ಗೌಸ ನನ್ನ ಕಡೆ ತಿರುಗಿದ.

“ಕಾಕಾ, ನನಗ ನಿದ್ದಿ ಬಂದಿತ್ತೇನ್ರಿ?”

ನನ್ನನ್ನು ಕೇಳಿದ! ಅಲ್ಲಿ ಡಾಕ್ಟರರಿದ್ದರು, ನರ್ಸ್ ಬಾಯಿ ಇದ್ದಳು, ಅವರನ್ನು ಕೇಳಬಹುದಿತ್ತು.

ನಾನು ಅಂದೆ, “ಬಂದಿರಬೇಕಪಾ.”

ನೀರು ಇದೆಯೇ? ಒಂದು ಗುಟುಕು ಸಾಕು. ಧನ್ಯವಾದ.

ಮೂರನೆಯ ಅಪಾಯ... ಇರಲಿ. ಹಾಳೆ ಕೆಳಗಿಡುತ್ತೇನೆ, ಈ ಫ್ಯಾನಿಗೆ ಬೇಕಾದರೆ ಅದೇ ಓದಿಕೊಳ್ಳಲಿ.

ನಸೀಮಾಬಿ ಬಂದ ಮೇಲೆ ನಾವು ಹುಕ್ಕೇರಿಗೆ ಹೊರಟೆವು. ಅತ್ತೆ ಮತ್ತೆ ಅದೇ ಅಡ್ಡ ಸೀಟಿನಲ್ಲಿ ಕುಳಿತರು. ಹಿಂದಿನ ಸೀಟಿನಲ್ಲಿ ಕುಳಿತವರಿಗೆ ಹಿಂದೆ ನಡೆದದ್ದೆಲ್ಲ ಕಂಡಿರುತ್ತದೆ. ಘಟಪ್ರಭಾ ದಾಟಿದ ಮೇಲೆ ನಾನೇ ಬಾಯಿ ತೆಗೆದೆ, “ಅತ್ತಿ, ನಾ ಹೇಳಿಬಿಡ್ಲ್ಯಾ?” ಅತ್ತೆ ಸೆರಗಿನಿಂದ ನನ್ನ ಅಂಗಿಯ ಮೇಲಿನ ರಕ್ತ ಒರೆಸುತ್ತಾ ಹೇಳಿದರು, “ಇವತ್ತ ಬ್ಯಾಡ. ಹುಡುಗಿ ತಲಿಮ್ಯಾಲ ಅಕ್ಷತಿ ಬೀಳಲಿ. ನಾಳಿ ಹೇಳು.” ಅವರ ತಪ್ಪಿಲ್ಲ. ಅವರು ನಾಳೆ ಎಂದದ್ದು ನಾಳೆಯನ್ನೇ.

ಮಂಟಪ ಮುಟ್ಟಿದಾಗ ಒಂದೂವರೆ. ಅಂತರಪಟ ಹಿಡಿದವರ ಕೈ ಸೋತಿದ್ದವು. ಬಾಗಿಲಲ್ಲಿ ರಕ್ತದ ಅಂಗಿಯ ಸೋದರಮಾವನನ್ನು ನೋಡಿ ಬ್ಯಾಂಡು ತಾನಾಗಿಯೇ ನಿಂತಿತು. ನಾನು ಹೇಳಿದೆ, “ಮೇಲವಂಕಿ ಕಾಲವ್ಯಾಗ ಒಬ್ಬಾಂವ ಬಿದ್ದಿದ್ದ, ದವಾಖಾನಿಗೆ ಮುಟ್ಟಿಸಿ ಬಂದೆ.” ಇಷ್ಟೇ ಹೇಳಿದ್ದು. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ, ಹೌದಲ್ಲವೇ? ಉಳಿದದ್ದನ್ನು ಅಕ್ಕ ಜೋಡಿಸಿದಳು. ರೂಪಾಲಿಯ ಮೊಬೈಲ್ ಕಸಿದುಕೊಂಡು ಎಲ್ಲರಿಗೂ ತೋರಿಸಿದಳು. ಹತ್ತು ಗಂಟೆ ನಲವತ್ತೆರಡು ಮಿನಿಟು, ಗೋಕಾಕ ದಾಟೇವಿ. “ನೋಡ್ರಿ ಮಂದಿ! ನನ್ನ ತಮ್ಮ ಗೋಕಾಕ ದಾಟಿ ಬಂದಿದ್ದ. ಮೇಲವಂಕಿಗೆ ಮತ್ತ ತಿರುಗಿ ಹೋಗ್ಯಾನ! ಇವನಿಗೆ ಯಾರ ಹೇಳಿದ್ರು, ಅಲ್ಲೊಬ್ಬ ಬಿದ್ದಾನ ಅಂತ? ದೇವ್ರ ಹೇಳ್ಯಾನ!”

ಸಭಿಕರೇ, ಈ ಜಿಲ್ಲೆಯಲ್ಲಿ ಎಲ್ಲರೂ ಒಂದೂರು ಕಳೆದು ಹಿಡಿಯುತ್ತಾರೆ ಎಂದೆನಲ್ಲ? ನನ್ನ ಅಕ್ಕ ಒಬ್ಬಳೇ ಕಳೆಯದವಳು. ನಾನು ಗೋಕಾಕ ದಾಟೇವಿ ಎಂದರೆ ಅವಳ ಪಾಲಿಗೆ ಗೋಕಾಕ ದಾಟಿದ್ದೇನೆ. ಭಕ್ತಿಯ ತಲೆಯ ಮೇಲೆ ಬೀಳಬೇಕಾದ ಅಕ್ಷತೆಯಲ್ಲಿ ಅರ್ಧ ನನ್ನ ತಲೆಯ ಮೇಲೆ ಬಿತ್ತು. ಉಪಾಧ್ಯೆಯವರು ನನ್ನ ಕೈ ಮುಟ್ಟಿ ನಮಸ್ಕಾರ ಮಾಡಿದರು. ನಾನು ಹೌದು ಎನ್ನಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ಮೀಸೆಯ ಮೇಲೆ ಕೈಯಾಡಿಸಿದೆ. ಬಣ್ಣ ಹಚ್ಚಿದ್ದಕ್ಕೆ ಸಾರ್ಥಕವಾಯಿತು ಎಂದೂ ಅನಿಸಿತು. ಮನುಷ್ಯ ಎಂಥವನು ನೋಡಿರಿ.

ಆಮೇಲೆ ಆ ಕಥೆ ತಾನೇ ನಡೆಯತೊಡಗಿತು. ನಾನು ಅದರ ಹಿಂದೆ ಹೋದೆ. ಗೋಕಾಕದ ಯಾವ ಚೌಕದಲ್ಲಿ ಗಾಡಿ ತಿರುಗಿಸಿದೆ ಎಂದು ಕೇಳಿದರು, ಒಂದು ಚೌಕ ಹೇಳಿದೆ. ಎದೆಯಲ್ಲಿ ಏನಾಯಿತು ಎಂದು ಕೇಳಿದರು, ಏನೋ ಹಿಡಿದು ಎಳೆದ ಹಾಗಾಯಿತು ಎಂದೆ. ಹೇಳುತ್ತಾ ಹೇಳುತ್ತಾ ನನಗೂ ಗೊಂದಲವಾಯಿತು. ಕೆಲವು ದಿನ ಬೆಳಿಗ್ಗೆ ಎದ್ದಾಗ ಆ ಚೌಕದಲ್ಲಿ ಗಾಡಿ ತಿರುಗಿಸಿದ್ದು ನನಗೆ ನಿಜವಾಗಿಯೂ ನೆನಪಾಗುತ್ತಿತ್ತು. ಅಂಥ ದಿನಗಳಲ್ಲಿ ಊಟ ಚೆನ್ನಾಗಿ ಹೋಗುತ್ತಿತ್ತು. ಆದರೆ ಪಾರವ್ವ ಅತ್ತೆ ಎಲ್ಲಿಯಾದರೂ ಭೆಟ್ಟಿಯಾಗುತ್ತಾರಲ್ಲ, ತೊಟ್ಟಿಲ ಕಾರ್ಯದಲ್ಲಿ, ಬಸದಿಯಲ್ಲಿ, ಬಸ್ಸಿನಲ್ಲಿ. ನನ್ನ ಕ್ಷೇಮ ಕೇಳುವುದಿಲ್ಲ. ಒಂದೇ ಮಾತು ಕೇಳುತ್ತಾರೆ. “ನಾಳಿ ಆತೇನೋ ರಾವ್ಯಾ?”

ಇನ್ನು ಗೌಸನ ವಿಷಯ. ಗೌಸ ಇಲ್ಲಿಯೇ ಮುಂದಿನ ಸಾಲಿನಲ್ಲಿದ್ದಾನೆ, ಈಗ ನನಗೆ ಹಾರ ಹಾಕಿದವನೂ ಅವನೇ. ಹನ್ನೊಂದು ವರ್ಷ ಸಾಲಿಯ ಮಕ್ಕಳ ಗಾಡಿ ನಡೆಸಿದ, ಒಂದು ಮಗುವಿನ ಟಿಫಿನ್ ಡಬ್ಬಿಯೂ ಬಿದ್ದಿಲ್ಲ. ಎಲುಬು ಕೂಡಿತು. ಓಡಾಡುತ್ತಾನೆ. ಆದರೆ ಸ್ಟೀರಿಂಗ್ ಮುಟ್ಟುವುದಿಲ್ಲ. ಸೈಕಲ್ ಹತ್ತುವುದಕ್ಕೂ ಮೊದಲು ಎರಡು ಸಲ ಚಹಾ ಕುಡಿದು ಮುಖಕ್ಕೆ ತಣ್ಣೀರು ಹೊಡೆದುಕೊಳ್ಳುತ್ತಾನೆ. ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂಡುವುದಿಲ್ಲ, ರಾಡು ಹಿಡಿದು ನಿಲ್ಲುತ್ತಾನೆ. ನಸೀಮಾಬಿ ನಮ್ಮ ಮನೆಗೆ ಬಂದಾಗ ಹೇಳಿದಳು, “ಇವ್ರು ಕುಂತಲ್ಲೆ ಕಣ್ಣ ಮುಚ್ಚಿದ್ರ ನನ್ನ ಎದಿ ಝಲ್ ಅಂತೈತ್ರಿ. ಹಿಡದ ಅಳ್ಳಾಡಸ್ತೇನಿ.” ಇಬ್ಬರು ಡಾಕ್ಟರರಿಗೆ ತೋರಿಸಿದರು. ರೋಗ ಏನೂ ಇಲ್ಲ ಎಂದರು. ಇಲ್ಲದ ರೋಗ ಅವರಿಗೆ ಹೇಗೆ ಸಿಗಬೇಕು? ಅದನ್ನು ಕೊಟ್ಟವನು ನಾನು. ಒಂದೇ ಮಾತಿನಲ್ಲಿ ಕೊಟ್ಟೆ. ಬಂದಿರಬೇಕಪಾ.

ಎರಡು ರಮ್ಜಾನ್ ಆದವು. ಎರಡೂ ಸಲ ಗೌಸ ಮೂಡಲಗಿಯಿಂದ ನಾಗನೂರಿಗೆ ಡಬ್ಬಿ ತುಂಬ ಶೀರಖುರ್ಮಾ ತಂದ. “ಕಾಕಾ, ನೀವ್ ಇರ್ಲಿಲ್ಲಂದ್ರ ನಾ ಇರ್ತಿರ್ಲಿಲ್ರಿ.” ನಾನು ಎರಡು ಬಟ್ಟಲು ತಿಂದೆ. ರುಚಿಯಾಗಿತ್ತು. ರುಚಿಯಾಗಿತ್ತು ಎಂಬುದೇ ನನ್ನನ್ನು ಕಾಡುತ್ತದೆ.

ಈಗ ಹಾರ ಹಾಕುವಾಗ ಗೌಸ ನನ್ನ ಕಿವಿಯಲ್ಲಿ ಏನೋ ಹೇಳಿದ, ತಾವು ನೋಡಿದಿರಿ. ನಾನು ನಕ್ಕೆ, ತಾವೂ ಚಪ್ಪಾಳೆ ಹೊಡೆದಿರಿ. ಅವನು ಹೇಳಿದ್ದು ಇಷ್ಟು. “ಕಾಕಾ, ಸಾಲಿಗೆ ಹೊಸ ಗಾಡಿ ಬಂದೈತಿ. ನೀನಾ ನಡಸು ಅಂದ್ರು ಅಧ್ಯಕ್ಷರು. ನಾನಾ ಬ್ಯಾಡ ಅಂದೆ. ಮಕ್ಕಳ ಗಾಡಿರಿ. ಮತ್ತ ನಿದ್ದಿ ಬಂದ್ರ?”

ನನ್ನ ಸನ್ಮಾನದ ದಿನ, ನನ್ನ ಕೊರಳಲ್ಲಿ ಹಾರ ಹಾಕುತ್ತಾ, ಒಬ್ಬ ಒಳ್ಳೆಯ ಡ್ರೈವರ್ ನನಗೆ ಇದನ್ನು ಹೇಳುತ್ತಾನೆ. ಆಮೇಲೆ ಗುರುಗಳು ಅಂತಃಪ್ರೇರಣೆ ಎಂದು ಓದುತ್ತಾರೆ. ಇವೆರಡರ ನಡುವೆ ನಾನು ಕೈ ಮುಗಿದು ನಿಂತಿದ್ದೆ. ಮೇಜಿನ ಅಂಚು ಹಿಡಿದುಕೊಂಡೆ. ವಯಸ್ಸಾಯಿತು ಎಂದು ಪರಪ್ಪನವರು ಕುರ್ಚಿ ತರಿಸಿದರು. ವಯಸ್ಸಿನದಲ್ಲ ಅದು.

ಗೌಸ್, ಇಲ್ಲೆ ನೋಡಪಾ. ಇದನ್ನ ಭಾಷಣದ ಕನ್ನಡದಾಗ ಹೇಳಾಕ ನನಗ ಬರಾಂಗಿಲ್ಲ. ನಿನಗ ನಿದ್ದಿ ಬಂದಿರ್ಲಿಲ್ಲ. ನೀ ಎಚ್ಚರಿದ್ದಿ. ನಾ ನಿನ್ನ ಎದುರಿಗೆ ಬಂದಿದ್ದೆ, ರಸ್ತಾದ ನಿನ್ನ ಬಾಜೂಕ್ಕ, ತಲಿ ತೆಳಗ ಹಾಕ್ಕೊಂಡು. ನೀ ನೋಡಿದಿ, ಅದಕ್ಕ ಕಾಲವಿಗೆ ಇಳಿಸಿದಿ. ನಿದ್ದಿ ಬಂದಿದ್ರ ನೀ ನೆಟ್ಟಗ ನನ್ನ ಗಾಡಿ ಅಡಿಯಾಗ ಬರ್ತಿದ್ದಿ. ನಿನ್ನ ಜೀವಾ ಉಳಿಸಿದಾಂವ ನಾ ಅಲ್ಲ. ನೀನಾ ಉಳಿಸ್ಕೊಂಡಿ, ನಿನ್ನ ಕಣ್ಣ ಉಳಿಸಿದುವು.

ನನ್ನ ಅಕ್ಕ ಸುಂದರಾಬಾಯಿ ಹುಕ್ಕೇರಿಯಿಂದ ಬಂದು ಹಿಂದೆ ಕುಳಿತಿದ್ದಾಳೆ. ಅಕ್ಕಾ, ನಾನು ಗೋಕಾಕ ದಾಟಿರಲಿಲ್ಲ. ಗೋಕಾಕ ಮುಟ್ಟಿಯೇ ಇರಲಿಲ್ಲ. ನೀನು ಆ ಮೆಸೇಜನ್ನು ರೂಪಾಲಿಗೆ ಅಳಿಸಗೊಡದೆ ಇಟ್ಟುಕೊಂಡಿದ್ದೀ ಎಂದು ಗೊತ್ತು. ಇಂದು ಅಳಿಸುವುದಕ್ಕೆ ಹೇಳು. ಬೇಡ, ಅಳಿಸಬೇಡ, ಸಾಹೇಬರಿಗೆ ಬೇಕಾಗಬಹುದು. ಸಾಹೇಬರೇ, ನೀವು ಪೆನ್ನು ತೆಗೆದಿದ್ದೀರಿ, ಆದರೆ ಬರೆಯುತ್ತಿಲ್ಲ. ಬರೆಯಿರಿ. ಹತ್ತು ಗಂಟೆ ನಲವತ್ತೆರಡು ಮಿನಿಟು. ನನಗೆ ಗೊತ್ತಿರುವ ಖಾತ್ರಿ ಮಾತು ಅದೊಂದೇ.

ಜಿನದತ್ತ ಗುರುಗಳೇ, ಈ ಮಾನಪತ್ರದ ಚೌಕಟ್ಟು ಚೆನ್ನಾಗಿದೆ, ಒಳಗಿನದನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಿರಿ. ಎತ್ತಿದ್ದು ನಾನೇ ಎಂಬ ಒಂದು ಸಾಲು ಬೇಕಾದರೆ ಇಟ್ಟುಕೊಳ್ಳುತ್ತೇನೆ, ಎಪ್ಪತ್ತು ಕಿಲೋ ಸುಳ್ಳಲ್ಲ. ಅದರ ಮೇಲಿನ ಸಾಲಿನಲ್ಲಿ, ಬೀಳಿಸಿದವನೂ ಇವನೇ ಎಂದು ಬರೆಯಿರಿ.

ಪರಪ್ಪನವರೇ, ಅಧ್ಯಕ್ಷರೇ, ಹೊಸ ಗಾಡಿಗೆ ನಿಮಗೆ ಡ್ರೈವರ್ ಬೇಕಾಗಿದ್ದಾನೆ. ಕಾಲುವೆಗೆ ಇಳಿಸಿದರೂ ಎದುರಿನವನಿಗೆ ತಾಗಿಸದ ಡ್ರೈವರ್ ಇಲ್ಲಿ ಕುಳಿತಿದ್ದಾನೆ. ನನ್ನ ಮಾತಿನಿಂದ ಬಂದ ಹೆದರಿಕೆ ನನ್ನ ಮಾತಿನಿಂದಲೇ ಹೋಗುತ್ತದೆಯೋ ಇಲ್ಲವೋ ನನಗೆ ತಿಳಿಯದು. ಅದಕ್ಕೆ ಒಂದು ಕೆಲಸ ಮಾಡುತ್ತೇನೆ. ಇಗೋ, ಇದು ನನ್ನ ಟ್ರ್ಯಾಕ್ಸಿನ ಕೀಲಿ. ಮೂವತ್ತೆರಡು ವರ್ಷಗಳಲ್ಲಿ ನನ್ನ ಗಾಡಿಯ ಕೀಲಿಯನ್ನು ಇನ್ನೊಬ್ಬರ ಕೈಗೆ ಕೊಟ್ಟವನಲ್ಲ ನಾನು. ಸಭೆ ಮುಗಿದ ಮೇಲೆ ಗೌಸ ನಡೆಸಲಿ, ನಾನು ಪಕ್ಕದಲ್ಲಿ ಕೂಡುತ್ತೇನೆ. ಪಾರವ್ವ ಅತ್ತೆ ಹಿಂದೆ ಕೂಡಲಿ. ಮೇಲವಂಕಿಯ ಕಾಲುವೆಯ ದಾರಿ ಹಿಡಿದು ಹೋಗೋಣ. ಯಾರ ಕಣ್ಣು ಮುಚ್ಚುತ್ತವೆ ನೋಡೋಣ.

ಗೌಸ ಎದ್ದು ನಿಂತಿದ್ದಾನೆ. ನಸೀಮಾಬಿ ಅವನ ತೋಳು ಹಿಡಿದಿದ್ದಾಳೆ. ಅವನು ಬಿಡಿಸಿಕೊಂಡ. ಬರುತ್ತಿದ್ದಾನೆ. ದಾರಿ ಬಿಡಿರಿ, ಅವನಿಗೆ ಸೊಂಟ ಇನ್ನೂ ಎಳೆಯುತ್ತದೆ. ಕೈ ಮುಂದೆ ಮಾಡಿದ್ದಾನೆ. ಮುಖ ನೋಡಿದರೆ ಏನೂ ತಿಳಿಯುತ್ತಿಲ್ಲ. ಆ ಕೈ ಕೀಲಿಗೋ, ನನ್ನ ಕಪಾಳಕ್ಕೋ, ಸಭಿಕರೇ, ನನಗೆ ನಿಜವಾಗಿಯೂ ಗೊತ್ತಾಗುತ್ತಿಲ್ಲ. ಎರಡಕ್ಕೂ ನಾನು ಇಲ್ಲಿಯೇ ನಿಂತಿದ್ದೇನೆ.

ಉಳಿದ ನಾಲ್ಕು ಅಪಾಯಗಳನ್ನು ರೂಪಾಲಿಯಿಂದ ಕೇಳಿ ತಿಳಿದುಕೊಳ್ಳಿರಿ. ನನ್ನನ್ನು ಕರೆದದ್ದಕ್ಕೆ ಸಂಘಕ್ಕೆ, ಶಾಲನ್ನು ಹೊದಿಸಿದ್ದಕ್ಕೆ ಅಧ್ಯಕ್ಷರಿಗೆ, ಇಷ್ಟು ಹೊತ್ತು ಒಂದು ಮೊಬೈಲೂ ತೆಗೆಯದೆ ಕುಳಿತ ನಿಮಗೆಲ್ಲರಿಗೂ ನಾನು ಋಣಿ.

ಪಾರವ್ವ ಅತ್ತಿ, ನಾಳಿ ಆತು.

ನಮಸ್ಕಾರ.